ಕೊರೆಯದೆ ಮೂಡುವ ನಲವತ್ತು ಲಕ್ಷ ರಂಧ್ರಗಳು

ಎರಡೂವರೆ ಸೆಂಟಿಮೀಟರ್ ಅಗಲ, ಅರ್ಧ ಮಿಲಿಮೀಟರಿಗಿಂತಲೂ ತುಸು ಕಡಿಮೆ ದಪ್ಪ. ಕಪ್ಪು ಗಾಜಿನ ಒಂದು ಪುಟ್ಟ ಬಿಲ್ಲೆ. ಎದುರಿನಿಂದ ನೋಡಿದರೆ ಅದರಲ್ಲಿ ವಿಶೇಷವೇನೂ ಕಾಣದು. ದೀಪದ ಮುಂದೆ ಹಿಡಿದು ನಿಧಾನವಾಗಿ ಓರೆ ಮಾಡುತ್ತ ಹೋದರೆ ಒಂದು ನಿರ್ದಿಷ್ಟ ಕೋನದಲ್ಲಿ ಥಟ್ಟನೆ ಅದರ ಮೂಲಕ ಬೆಳಕು ತೂರಿ ಬರುತ್ತದೆ. ಬಿಲ್ಲೆಯ ತುಂಬ ರಂಧ್ರಗಳಿವೆ, ಸುಮಾರು ನಲವತ್ತು ಲಕ್ಷ. ಒಂದೊಂದರ ವ್ಯಾಸ 10 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ನೂರನೇ ಒಂದು ಪಾಲು. ಎರಡು ರಂಧ್ರಗಳ ನಡುವಿನ ಗಾಜಿನ ಗೋಡೆ 2 ಮೈಕ್ರಾನ್. ಎಲ್ಲವೂ ಒಂದಕ್ಕೊಂದು ಸಮಾನಾಂತರ. ಬಿಲ್ಲೆಯ ಮುಖದ ಮೇಲೆ ಗಾಜಿಗಿಂತ ಖಾಲಿ ಜಾಗವೇ ಹೆಚ್ಚು, ನೂರರಲ್ಲಿ ಅರವತ್ತು ಪಾಲು.

ಇದರ ಹೆಸರು ಮೈಕ್ರೋಚಾನೆಲ್ ಪ್ಲೇಟ್. ಬಳಸುವವರ ಬಾಯಲ್ಲಿ ಎಂಸಿಪಿ. ಗಡಿ ಕಾಯುವ ಯೋಧರ ರಾತ್ರಿ ದುರ್ಬೀನಿನಲ್ಲಿ ಇದೆ. ಹಬಲ್ ದೂರದರ್ಶಕದಲ್ಲಿ ಇದೆ. ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲೂ ಇದೆ. ಇಷ್ಟು ರಂಧ್ರಗಳನ್ನು ಇಷ್ಟು ಒತ್ತೊತ್ತಾಗಿ ಗಾಜಿನಲ್ಲಿ ಕೊರೆಯುವುದು ಹೇಗೆ ಎಂದು ಕೇಳಿದರೆ, ಉತ್ತರ ಸರಳ: ಯಾರೂ ಕೊರೆಯುವುದಿಲ್ಲ. ರಂಧ್ರವನ್ನು ಮೊದಲು ಬೆರಳುಗಾತ್ರದಲ್ಲೇ ಮಾಡಿ, ಅದರೊಳಗೆ ಬೇರೊಂದು ಗಾಜು ತುಂಬಿ, ಕಾಯಿಸಿ ಎಳೆದು ಎಳೆದು ಕುಗ್ಗಿಸಿ, ಕಟ್ಟಕಡೆಗೆ ತುಂಬಿದ್ದನ್ನು ಕರಗಿಸಿ ತೆಗೆಯುತ್ತಾರೆ. ಈ ಕಸುಬಿನ ಜಾಣ್ಮೆಯೆಲ್ಲ ಇರುವುದು ಹೀಗೆ ಕೊನೆಯಲ್ಲಿ ಎಸೆಯಲೆಂದೇ ತುಂಬುವ ಗಾಜಿನಲ್ಲಿ.

ಒಂದು ಹತ್ತು ಸಾವಿರವಾಗುವ ಬಗೆ

ರಂಧ್ರಗಳಿಗೆ ಇರುವ ಕೆಲಸ ಎಲೆಕ್ಟ್ರಾನುಗಳನ್ನು ಹೆಚ್ಚಿಸುವುದು. ಬಿಲ್ಲೆಯ ಎರಡೂ ಮುಖಗಳಿಗೆ ಲೋಹದ ತೆಳು ಲೇಪ ಇರುತ್ತದೆ. ಅವುಗಳ ನಡುವೆ ಸುಮಾರು 1000 ವೋಲ್ಟ್ ವಿದ್ಯುತ್ ಕೊಟ್ಟು ಬಿಲ್ಲೆಯನ್ನು ನಿರ್ವಾತದಲ್ಲಿ ಇಡುತ್ತಾರೆ. ಒಂದೇ ಒಂದು ಎಲೆಕ್ಟ್ರಾನ್ ರಂಧ್ರದ ಬಾಯಿಗೆ ಬಂದು ಒಳಗೋಡೆಗೆ ಬಡಿದರೆ ಗೋಡೆಯಿಂದ ಎರಡು ಮೂರು ಎಲೆಕ್ಟ್ರಾನುಗಳು ಚಿಮ್ಮುತ್ತವೆ. ವೋಲ್ಟೇಜ್ ಅವನ್ನು ಮುಂದಕ್ಕೆ ಸೆಳೆಯುತ್ತದೆ. ಅವು ಮತ್ತೆ ಗೋಡೆಗೆ ಬಡಿಯುತ್ತವೆ, ಪ್ರತಿಯೊಂದೂ ಮತ್ತೆರಡು ಮೂರನ್ನು ಹೊರಡಿಸುತ್ತದೆ. ಸರಾಸರಿ ಎರಡೂವರೆ ಎಂದಿಟ್ಟುಕೊಂಡರೂ ಹತ್ತು ಬಾರಿ ಬಡಿದು ಹೊರಬರುವಷ್ಟರಲ್ಲಿ ಲೆಕ್ಕ ಹತ್ತು ಸಾವಿರದ ಹತ್ತಿರ ಬರುತ್ತದೆ. ಇಷ್ಟೆಲ್ಲ ನಡೆಯುವುದು ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಹೊತ್ತಿನಲ್ಲಿ.

ಎಲೆಕ್ಟ್ರಾನನ್ನು ಹೀಗೆ ವರ್ಧಿಸುವ ಕೊಳವೆಗಳು ಹಿಂದೆಯೂ ಇದ್ದವು. ಎಂಸಿಪಿಯ ಹೆಚ್ಚುಗಾರಿಕೆ ಎಂದರೆ ಅದು ಚಿತ್ರವನ್ನು ಕೆಡಿಸುವುದಿಲ್ಲ. ಯಾವ ರಂಧ್ರದಲ್ಲಿ ಎಲೆಕ್ಟ್ರಾನ್ ಹೊಕ್ಕಿತೋ ಅದೇ ರಂಧ್ರದಿಂದ ಅದರ ಸಂತತಿಯೆಲ್ಲ ಹೊರಬರುತ್ತದೆ. ಪಕ್ಕದ ರಂಧ್ರಕ್ಕೆ ದಾಟುವ ದಾರಿಯೇ ಇಲ್ಲ. ಎದುರು ಮುಖದ ಮೇಲೆ ಎಲೆಕ್ಟ್ರಾನುಗಳ ರೂಪದಲ್ಲಿ ಬಿದ್ದ ಮಂದ ಚಿತ್ರ ಹಿಂದಿನ ಮುಖದಲ್ಲಿ ಹತ್ತು ಸಾವಿರ ಪಟ್ಟು ಪ್ರಬಲವಾಗಿ, ಗೆರೆ ತಪ್ಪದೆ ಮೂಡುತ್ತದೆ.

ಗೋಡೆಯೇ ಉದ್ದಕ್ಕೂ ಎಲೆಕ್ಟ್ರಾನ್ ಹುಟ್ಟಿಸುವ ಇಂಥ ಕೊಳವೆಯ ಕಲ್ಪನೆಯನ್ನು ಟೆಲಿವಿಷನ್ನಿನ ಹರಿಕಾರರಲ್ಲಿ ಒಬ್ಬನಾದ ಅಮೆರಿಕದ ಫೈಲೋ ಫಾರ್ನ್ಸ್‌ವರ್ತ್ 1930ರಲ್ಲೇ ಮುಂದಿಟ್ಟಿದ್ದ. ಅದು ಕೈಗೂಡಿದ್ದು ಮೂರು ದಶಕಗಳ ನಂತರ. 1960ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಓಶ್ಚೆಪ್ಕೋವ್ ತಂಡ, ಅಮೆರಿಕದ ಬೆಂಡಿಕ್ಸ್ ಪ್ರಯೋಗಾಲಯದ ಗುಡ್‌ರಿಚ್ ಮತ್ತು ವೈಲಿ, ಬ್ರಿಟನ್ನಿನ ಮುಲ್ಲಾರ್ಡ್ ಪ್ರಯೋಗಾಲಯದ ಆಡಮ್ಸ್ ಮತ್ತು ಮ್ಯಾನ್ಲಿ ಒಂಟಿ ಕೊಳವೆಗಳನ್ನು ಮಾಡಿ ತೋರಿಸಿದರು. ಆಗ ಗೊತ್ತಾದ ಒಂದು ಸಂಗತಿ ಎಲ್ಲಕ್ಕೂ ದಾರಿ ತೆರೆಯಿತು. ಎಷ್ಟು ಪಟ್ಟು ವರ್ಧನೆ ಆಗುತ್ತದೆ ಎಂಬುದು ಕೊಳವೆಯ ಅಳತೆಯನ್ನು ಅವಲಂಬಿಸಿಲ್ಲ. ಉದ್ದಕ್ಕೂ ವ್ಯಾಸಕ್ಕೂ ಇರುವ ಪ್ರಮಾಣವನ್ನು ಅವಲಂಬಿಸಿದೆ. ವ್ಯಾಸದ ನಲವತ್ತು ಪಟ್ಟು ಉದ್ದ ಇದ್ದರಾಯಿತು. ಕೊಳವೆ ಮಿಲಿಮೀಟರ್ ಅಗಲವಿದ್ದರೂ ಒಂದೇ, ಮೈಕ್ರಾನ್ ಅಗಲವಿದ್ದರೂ ಒಂದೇ. ಹಾಗಿದ್ದ ಮೇಲೆ ಕುಗ್ಗಿಸಲು ಅಡ್ಡಿ ಏನು? ಪ್ರಶ್ನೆ ಭೌತವಿಜ್ಞಾನಿಗಳ ಕೈದಾಟಿ ಗಾಜಿನವರ ಕೈಗೆ ಬಂತು.

ಎಳೆದಷ್ಟೂ ಅದೇ ಆಕಾರ

ಗಾಜಿನವರಿಗೆ ಇದರ ಉತ್ತರ ಬಹಳ ಹಳೆಯದು. ಬಣ್ಣಬಣ್ಣದ ಗಾಜಿನ ಕಡ್ಡಿಗಳನ್ನು ಹೂವಿನ ಆಕಾರಕ್ಕೆ ಜೋಡಿಸಿ, ಕಾಯಿಸಿ ಒಂದಾಗಿಸಿ, ಎರಡು ತುದಿ ಹಿಡಿದು ಎಳೆದರೆ ಕಂತೆ ತೆಳುವಾಗುತ್ತದೆ; ಒಳಗಿನ ಹೂವೂ ಆಕಾರ ಕೆಡದೆ ಅಷ್ಟೇ ಪ್ರಮಾಣದಲ್ಲಿ ಚಿಕ್ಕದಾಗುತ್ತದೆ. ಅಡ್ಡಲಾಗಿ ಕತ್ತರಿಸಿದರೆ ಪ್ರತಿ ಚೂರಿನಲ್ಲೂ ಅದೇ ಹೂವು. ಮೆಡಿಟರೇನಿಯನ್ ತೀರದ ಕುಶಲಕರ್ಮಿಗಳಿಗೆ ಈ ವಿದ್ಯೆ ಎರಡು ಸಾವಿರ ವರ್ಷಗಳ ಹಿಂದೆಯೇ ಗೊತ್ತಿತ್ತು. ವೆನಿಸ್ ಪಕ್ಕದ ಮುರಾನೊ ದ್ವೀಪದಲ್ಲಿ ಇಂದಿಗೂ ಈ ಬಗೆಯ ಮಣಿ, ಪದಕಗಳು ತಯಾರಾಗುತ್ತವೆ. ಎಂಸಿಪಿ ಈ ವಿದ್ಯೆಯ ಮೊಮ್ಮಗು.

ತಯಾರಿ ಶುರುವಾಗುವುದು ಸೀಸ ಬೆರೆತ ಗಾಜಿನ ಒಂದು ಕೊಳವೆಯಿಂದ. ಇದು ಮುಂದೆ ರಂಧ್ರದ ಗೋಡೆಯಾಗುವ ಗಾಜು. ಅದರೊಳಗೆ ಬಿಗಿಯಾಗಿ ಕೂರುವಂತೆ ಇನ್ನೊಂದು ಜಾತಿಯ ಗಾಜಿನ ಸಲಾಕೆಯನ್ನು ಇಳಿಸುತ್ತಾರೆ. ಇದು ಆಮ್ಲದಲ್ಲಿ ಸುಲಭವಾಗಿ ಕರಗುವ ಗಾಜು. ಮುಂದೆ ಖಾಲಿಯಾಗಬೇಕಾದ ಜಾಗವನ್ನು ಅಲ್ಲಿಯವರೆಗೆ ಕಾಯುವುದು ಇದರ ಕೆಲಸ. ಟೊಳ್ಳು ಕೊಳವೆಯನ್ನೇ ಎಳೆದು ಕಂತೆ ಕಟ್ಟಿ ಬೆಸೆಯಹೊರಟರೆ ಬಿಸಿಗೆ, ಒತ್ತಡಕ್ಕೆ ರಂಧ್ರಗಳು ಸೊಟ್ಟಗಾಗುವ ಭಯ ಇರುತ್ತದೆ. ಒಳಗೆ ಸಲಾಕೆ ಇದ್ದರೆ ಆ ಭಯವಿಲ್ಲ.

ಈ ಎರಡು ಗಾಜುಗಳ ಹೊಂದಾಣಿಕೆ ಸುಲಭದ್ದಲ್ಲ. ಬಿಸಿಗೆ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗಬೇಕು, ಆರುವಾಗ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು. ಇಲ್ಲವಾದರೆ ತಣ್ಣಗಾಗುವಾಗ ಬಿರುಕು ಖಂಡಿತ. ಎರಡೂ ಒಂದೇ ಉಷ್ಣತೆಯಲ್ಲಿ ಮೆದುವಾಗಬೇಕು, ಆದರೂ ಒಳಗಿನದು ತುಸು ಗಟ್ಟಿಯಾಗಿದ್ದು ತನ್ನ ದುಂಡನ್ನು ಉಳಿಸಿಕೊಳ್ಳಬೇಕು. ಜೊತೆಗೆ ಇದ್ದಷ್ಟು ಹೊತ್ತೂ ಒಂದರ ಅಂಶ ಇನ್ನೊಂದಕ್ಕೆ ಇಳಿಯಬಾರದು. ಒಂದು ಆಮ್ಲಕ್ಕೆ ಪೂರ್ತಿ ಕರಗಬೇಕು, ಇನ್ನೊಂದು ಅದೇ ಆಮ್ಲಕ್ಕೆ ಜಗ್ಗಬಾರದು. ಇಂಥ ಜೋಡಿಗಳನ್ನು ಹುಡುಕಿಕೊಂಡ ಕಂಪನಿಗಳು ಗಾಜಿನ ಪಾಕವನ್ನು ಗುಟ್ಟಾಗಿಯೇ ಇಟ್ಟುಕೊಳ್ಳುತ್ತವೆ.

ಜೋಡಿಯನ್ನು ಎತ್ತರದ ಗೋಪುರದಂಥ ಯಂತ್ರದ ಮೇಲ್ತುದಿಯಲ್ಲಿ ನೇತುಹಾಕಿ ಕುಲುಮೆಯೊಳಗೆ ನಿಧಾನವಾಗಿ ಇಳಿಸುತ್ತಾರೆ. ಕೆಳಗಿನಿಂದ ಚಕ್ರಗಳು ಅದನ್ನು ಎಳೆಯುತ್ತವೆ. ಚಿಕ್ಕಿ ಮಾಡುವವರು ಬೆಲ್ಲದ ಪಾಕದ ಎಳೆ ನೋಡಿ ಹದ ತಿಳಿಯುವ ಹಾಗೆ ಇಲ್ಲೂ ಎಲ್ಲವೂ ಹದದ ಮೇಲೆಯೇ ನಿಂತಿದೆ. ಬಿಸಿ ತುಸು ಏರಿದರೆ ಎಳೆ ಸಣ್ಣದಾಗುತ್ತದೆ, ಇಳಿದರೆ ತುಂಡಾಗುತ್ತದೆ. ಮೇಲಿನಿಂದ ಇಳಿಯುವ ವೇಗ, ಕೆಳಗಿನಿಂದ ಎಳೆಯುವ ವೇಗ, ಕುಲುಮೆಯ ಶಾಖ ಮೂರೂ ಒಂದೇ ಸಮ ನಡೆದರೆ ಸುಮಾರು ಒಂದು ಮಿಲಿಮೀಟರ್ ದಪ್ಪದ ನೀಟಾದ ಕಡ್ಡಿ ಹೊರಬರುತ್ತದೆ. ಒಳಗಿನ ಸಲಾಕೆಗೂ ಹೊರಗಿನ ಗೋಡೆಗೂ ಇದ್ದ ಪ್ರಮಾಣ ಅದರಲ್ಲಿ ಹಾಗೆಯೇ ಉಳಿದಿರುತ್ತದೆ.

ಮುಂದಿನದು ತಾಳ್ಮೆಯ ಕೆಲಸ. ಈ ಕಡ್ಡಿಗಳನ್ನು ಒಂದೇ ಉದ್ದಕ್ಕೆ ಕತ್ತರಿಸಿ, ಒಂದರ ಪಕ್ಕ ಒಂದನ್ನು ಷಡ್ಭುಜಾಕಾರದ ಅಚ್ಚಿನಲ್ಲಿ ಜೋಡಿಸುತ್ತಾರೆ. ಅಂಚಿನ ಒಂದೊಂದು ಬದಿಗೆ 37 ಕಡ್ಡಿಗಳಂತೆ ಜೋಡಿಸಿದರೆ ಒಂದು ಕಂತೆಯಲ್ಲಿ 3,997 ಕಡ್ಡಿಗಳು ಕೂರುತ್ತವೆ. ಒಂದು ಕಡ್ಡಿ ಅಡ್ಡ ಬಿದ್ದರೂ, ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಆ ದೋಷ ಕೊನೆಯ ಬಿಲ್ಲೆಯವರೆಗೂ ಜೊತೆಗೆ ಬರುತ್ತದೆ. ಕಂತೆ ಕಟ್ಟಿದ ಮೇಲೆ ಅದನ್ನೂ ಕುಲುಮೆಗೆ ಇಳಿಸಿ ಮತ್ತೆ ಎಳೆಯುತ್ತಾರೆ. ಈಗ ಇಡೀ ಕಂತೆಯೇ ಒಂದು ಮಿಲಿಮೀಟರಿಗಿಂತ ಕಡಿಮೆ ದಪ್ಪದ ಕಡ್ಡಿಯಾಗುತ್ತದೆ. ಅದರೊಳಗೆ ನಾಲ್ಕು ಸಾವಿರದಷ್ಟು ನಾಳಗಳು, ಒಂದೊಂದೂ 10 ಮೈಕ್ರಾನಿನದು. ಇಂಥ ಸುಮಾರು ಸಾವಿರ ಕಡ್ಡಿಗಳನ್ನು ಮತ್ತೆ ಜೋಡಿಸಿ, ಸುತ್ತಲೂ ಘನ ಗಾಜಿನ ಅಂಚು ಕೊಟ್ಟು, ಬಿಸಿ ಮತ್ತು ಒತ್ತಡದಲ್ಲಿ ಒಂದೇ ದಿಂಡಾಗಿ ಬೆಸೆಯುತ್ತಾರೆ. ಸಾವಿರ ಬಾರಿ ನಾಲ್ಕು ಸಾವಿರ ಎಂದರೆ ನಲವತ್ತು ಲಕ್ಷ. ಎರಡೇ ಸಲ ಎಳೆದು ಎರಡು ಸಲ ಜೋಡಿಸಿದ್ದರಲ್ಲಿ ಲೆಕ್ಕ ಮುಗಿಯಿತು.

ಕರಗುವ ಗಾಜು, ಕಪ್ಪಾಗುವ ಗಾಜು

ದಿಂಡನ್ನು ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಸೀಳುತ್ತಾರೆ. ಗರಗಸ ನೇರವಾಗಿ ನಡೆಯುವುದಿಲ್ಲ. ಸುಮಾರು 8 ಡಿಗ್ರಿ ಓರೆಯಾಗಿ ನಡೆಯುತ್ತದೆ. ರಂಧ್ರಗಳು ಬಿಲ್ಲೆಯ ಮುಖಕ್ಕೆ ನೆಟ್ಟಗಿದ್ದರೆ ಎದುರಿನಿಂದ ಬಂದ ಕಣ ಗೋಡೆಯನ್ನು ಮುಟ್ಟದೆ ಆಚೆ ಹಾರಿಹೋಗಬಹುದು. ಓರೆ ಇದ್ದರೆ ಬಾಯಿಯ ಹತ್ತಿರವೇ ಗೋಡೆಗೆ ಬಡಿಯಲೇಬೇಕು. ಬಿಲ್ಲೆ ಓರೆಯಾದಾಗ ಮಾತ್ರ ಬೆಳಕು ತೂರುವುದೂ ಇದೇ ಕಾರಣಕ್ಕೆ.

ಎರಡೂ ಮುಖ ಉಜ್ಜಿ ಹೊಳಪು ಕೊಟ್ಟ ಬಿಲ್ಲೆಯನ್ನು ಆಮ್ಲದಲ್ಲಿ ಇಳಿಬಿಟ್ಟಾಗ, ಅಷ್ಟು ಹೊತ್ತೂ ಜಾಗ ಕಾಯ್ದ ಸಲಾಕೆಯ ಗಾಜು ಕರಗಲು ತೊಡಗುತ್ತದೆ. 10 ಮೈಕ್ರಾನಿನ ಬಾಯಿಯಿಂದ ಆಮ್ಲ ಒಳಹೋಗಬೇಕು, ಕರಗಿದ್ದು ಅದೇ ಬಾಯಿಯಿಂದ ಹೊರಬರಬೇಕು. ಹಾಗಾಗಿ ಅವಸರ ಸಲ್ಲದು. ಒಂದಿಷ್ಟು ಉಳಿದರೆ ಆ ನಾಳ ಸತ್ತಂತೆ. ಹೆಚ್ಚು ಹೊತ್ತು ಬಿಟ್ಟರೆ ಎರಡು ಮೈಕ್ರಾನಿನ ಗೋಡೆಗೇ ಪೆಟ್ಟು. ಸರಿಯಾಗಿ ಮುಗಿದಾಗ ಬಿಲ್ಲೆಯ ಗಾಜಿನಲ್ಲಿ ಹೆಚ್ಚುಪಾಲು ಹೊರಟುಹೋಗಿ ಗೋಡೆಗಳ ಜಾಲವೊಂದೇ ಉಳಿದಿರುತ್ತದೆ.

ಆಮೇಲೆ ರಸಾಯನಶಾಸ್ತ್ರದ ಪಾಲು. ಗಾಜು ವಿದ್ಯುತ್ ಹರಿಯಗೊಡದ ವಸ್ತು. ಆದರೆ ಇಲ್ಲಿ ಗೋಡೆ ಎಲೆಕ್ಟ್ರಾನುಗಳನ್ನು ಕೊಡುತ್ತಲೇ ಇರಬೇಕು, ಕೊಟ್ಟದ್ದನ್ನು ವಿದ್ಯುತ್ತಿನಿಂದ ತುಂಬಿಕೊಳ್ಳಲೂ ಬೇಕು. ಬಿಲ್ಲೆಯನ್ನು ಜಲಜನಕ ತುಂಬಿದ ಕುಲುಮೆಯಲ್ಲಿ ಸುಮಾರು 400 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕಾಯಿಸುತ್ತಾರೆ. ಗೋಡೆಯ ಮೇಲ್ಪದರದಲ್ಲಿದ್ದ ಸೀಸದ ಆಕ್ಸೈಡಿನಿಂದ ಜಲಜನಕ ಆಮ್ಲಜನಕವನ್ನು ಕಿತ್ತುಕೊಂಡು ನೀರಾವಿಯಾಗಿ ಹೊರಟುಹೋಗುತ್ತದೆ. ಹಿಂದೆ ಉಳಿಯುವುದು ಬರಿಯ ಸೀಸ. ಸ್ವಚ್ಛವಾಗಿದ್ದ ಗಾಜು ಕಣ್ಣೆದುರೇ ಕಪ್ಪಾಗುತ್ತದೆ, ಜೊತೆಗೇ ಅತಿ ಸಣ್ಣ ಪ್ರಮಾಣದಲ್ಲಿ ವಿದ್ಯುತ್ ಹರಿಯಗೊಡುವ ಗುಣ ಪಡೆಯುತ್ತದೆ. ಬಿಲ್ಲೆಯ ರೋಧ ಹತ್ತಾರು ಕೋಟಿ ಓಮ್‌ಗಳಷ್ಟು ಇರಬೇಕು. ಕಡಿಮೆಯಾದರೆ ಹೆಚ್ಚು ವಿದ್ಯುತ್ ಹರಿದು ಬಿಲ್ಲೆ ಬಿಸಿಯಾಗುತ್ತದೆ. ಹೆಚ್ಚಾದರೆ ಒಂದು ಸಲ ಎಲೆಕ್ಟ್ರಾನ್ ಕೊಟ್ಟ ನಾಳ ಮತ್ತೆ ಸಿದ್ಧವಾಗಲು ತಡವಾಗುತ್ತದೆ. ಇದೆಲ್ಲ ನಿರ್ಧಾರವಾಗುವುದು ಜಲಜನಕದ ಕುಲುಮೆಯ ಉಷ್ಣತೆ ಮತ್ತು ಅವಧಿಯಿಂದ. ಕೊನೆಗೆ ನಿಕ್ರೋಮ್‌ನಂಥ ಲೋಹದ ಲೇಪ ಎರಡೂ ಮುಖಕ್ಕೆ ಬಿದ್ದರೆ ಬಿಲ್ಲೆ ತಯಾರು.

ತಯಾರಾದ ಮೇಲೂ ಇದು ನಾಜೂಕಿನ ವಸ್ತು. ಬರಿಗೈ ತಾಕಿಸುವಂತಿಲ್ಲ. ಗಾಳಿಯ ತೇವ ಹೀರಿದರೆ ಬಿಲ್ಲೆ ಡೊಂಕಾಗಬಹುದು, ಬಿರಿಯಲೂಬಹುದು. ಆದ್ದರಿಂದ ಇದನ್ನು ನಿರ್ವಾತದಲ್ಲಿ ಇಲ್ಲವೇ ಒಣ ಸಾರಜನಕದಲ್ಲಿ ಕಾಪಿಡುತ್ತಾರೆ.

ಜೋಡಿಸಿದ ಕೈಯ ಗುರುತು ಕೂಡ ಬಿಲ್ಲೆಯಲ್ಲಿ ಉಳಿಯುತ್ತದೆ. ಕಂತೆ ಕಂತೆ ಸೇರಿದ ಗಡಿಯಲ್ಲಿ ನಾಳಗಳು ಕೊಂಚ ಒತ್ತಿಕೊಂಡು ಸೊಟ್ಟಗಾಗಿದ್ದರೆ ಅಲ್ಲಿ ವರ್ಧನೆ ಬೇರೆಯಾಗುತ್ತದೆ. ರಾತ್ರಿ ದುರ್ಬೀನಿನಲ್ಲಿ ತುಸು ಬೆಳಕಿರುವ ಕಡೆ ನೋಡಿದಾಗ ಷಡ್ಭುಜಗಳ ಮಸುಕು ಜಾಲವೊಂದು ಚಿತ್ರದ ಮೇಲೆ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ಕಸುಬಿನವರು ಇದನ್ನು 'ಚಿಕನ್ ವೈರ್' ಎನ್ನುತ್ತಾರೆ. ಒಳ್ಳೆಯ ಬಿಲ್ಲೆಯಲ್ಲಿ ಈ ಗಡಿ ಹುಡುಕಿದರೂ ಸಿಗಬಾರದು.

ಕತ್ತಲಲ್ಲಿ, ಆಕಾಶದಲ್ಲಿ

ಮೊದಲ ಪೀಳಿಗೆಯ ರಾತ್ರಿ ದುರ್ಬೀನುಗಳಲ್ಲಿ ಬೆಳಕು ಸಾಕಷ್ಟು ಹೆಚ್ಚಬೇಕಾದರೆ ಮೂರು ಕೊಳವೆಗಳನ್ನು ಒಂದರ ಹಿಂದೆ ಒಂದು ಜೋಡಿಸಬೇಕಿತ್ತು. ಉದ್ದವೂ ಹೆಚ್ಚು, ತೂಕವೂ ಹೆಚ್ಚು. ಎರಡನೇ ಪೀಳಿಗೆಯಲ್ಲಿ ಆ ಸಾಲಿನ ಜಾಗಕ್ಕೆ ಒಂದು ಎಂಸಿಪಿ ಬಂತು. ದುರ್ಬೀನು ತಲೆಗೆ ಕಟ್ಟಿಕೊಳ್ಳುವಷ್ಟು ಹಗುರಾಯಿತು. ನಮ್ಮಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಪುಣೆಯ ಅಂಗಸಂಸ್ಥೆ ಇಂಥ ಕೊಳವೆಗಳನ್ನು ಸೇನೆಗಾಗಿ ತಯಾರಿಸುತ್ತದೆ.

ಖಗೋಳಶಾಸ್ತ್ರಜ್ಞರಿಗೆ ಎಂಸಿಪಿ ಬೇಕಾದದ್ದು ನೇರಳಾತೀತ ಕಿರಣ ಮತ್ತು ಕ್ಷ-ಕಿರಣಗಳನ್ನು ಒಂದೊಂದಾಗಿ ಎಣಿಸಲು. 1999ರಲ್ಲಿ ಹಾರಿದ ಚಂದ್ರ ಕ್ಷ-ಕಿರಣ ದೂರದರ್ಶಕದಲ್ಲಿ ಸುಮಾರು 10 ಸೆಂಟಿಮೀಟರ್ ಚೌಕದ ಫಲಕಗಳಿವೆ, ಒಂದೊಂದರಲ್ಲಿ 6.9 ಕೋಟಿ ನಾಳಗಳು. ಹಬಲ್‌ಗೆ 2009ರಲ್ಲಿ ಅಳವಡಿಸಿದ ಕಾಸ್ ಎಂಬ ರೋಹಿತಮಾಪಕದಲ್ಲೂ ಎಂಸಿಪಿ ಇದೆ. ಅದರ ಕತೆ ಬಿಲ್ಲೆಯ ದೌರ್ಬಲ್ಯವನ್ನೂ ಹೇಳುತ್ತದೆ. ಪ್ರತಿ ಬಾರಿ ಎಲೆಕ್ಟ್ರಾನ್ ಕೊಟ್ಟಾಗಲೂ ಗೋಡೆ ಒಂದಿಷ್ಟು ಸವೆಯುತ್ತದೆ; ಹೆಚ್ಚು ಬೆಳಕು ಬಿದ್ದ ಜಾಗದ ನಾಳಗಳು ಬೇಗ ಸೊರಗುತ್ತವೆ. ಹಾಗಾಗಿ ಕೆಲವು ವರ್ಷಗಳಿಗೊಮ್ಮೆ ಬೆಳಕು ಬೀಳುವ ಪಟ್ಟಿಯನ್ನು ಫಲಕದ ಮೇಲೆ ಒಂದಿಷ್ಟು ಪಕ್ಕಕ್ಕೆ ಸರಿಸಿ, ದುಡಿಯದ ನಾಳಗಳನ್ನು ಕೆಲಸಕ್ಕೆ ಹಚ್ಚುತ್ತಾರೆ.

ಹೊಸಕೋಟೆಯಲ್ಲಿ ಜೋಡಣೆ

28 ಸೆಪ್ಟೆಂಬರ್ 2015ರಂದು ಶ್ರೀಹರಿಕೋಟಾದಿಂದ ಹಾರಿದ ಆಸ್ಟ್ರೋಸ್ಯಾಟ್‌ನಲ್ಲಿ ಯುವಿಐಟಿ ಎಂಬ ಅವಳಿ ನೇರಳಾತೀತ ದೂರದರ್ಶಕವಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ಅದನ್ನು ಜೋಡಿಸಿ ಪರೀಕ್ಷಿಸಿದ್ದು ಹೊಸಕೋಟೆಯ ಆವರಣದಲ್ಲಿರುವ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದಲ್ಲಿ. ಪತ್ತೆಕಗಳು ಕೆನಡಾ ಬಾಹ್ಯಾಕಾಶ ಸಂಸ್ಥೆಯ ಸಹಯೋಗದಿಂದ ಬಂದವು. ಪ್ರತಿ ಪತ್ತೆಕದ ನಡುವೆ ಎರಡು ಎಂಸಿಪಿಗಳಿವೆ. ಒಂದರ ನಾಳಗಳು ಈ ಕಡೆ ಓರೆ, ಇನ್ನೊಂದರ ನಾಳಗಳು ಆ ಕಡೆ ಓರೆ. ಹೀಗೆ ಜೋಡಿಸಿದರೆ ವರ್ಧನೆ ಹತ್ತು ಲಕ್ಷ ಪಟ್ಟನ್ನು ದಾಟಬಹುದು. ಒಳಗೆ ಹುಟ್ಟುವ ಅಯಾನುಗಳು ಹಿಂದಕ್ಕೆ ಓಡಿಬಂದು ಸುಳ್ಳು ಸಂಕೇತ ಎಬ್ಬಿಸುವುದೂ ಕಡಿಮೆಯಾಗುತ್ತದೆ.

ಅಲ್ಲಿ ನಡೆಯುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ನಕ್ಷತ್ರದಿಂದ ಬಂದ ಒಂದು ಫೋಟಾನ್ ಒಂದು ಎಲೆಕ್ಟ್ರಾನನ್ನು ಎಬ್ಬಿಸುತ್ತದೆ. ಎರಡು ಬಿಲ್ಲೆ ದಾಟುವಷ್ಟರಲ್ಲಿ ಅದು ಎಲೆಕ್ಟ್ರಾನುಗಳ ಹಿಂಡಾಗಿ ಪ್ರತಿದೀಪಕ ಪರದೆಗೆ ಬಡಿದು ಒಂದು ಮಿಂಚು ಹೊಳೆಯಿಸುತ್ತದೆ. ಹಿಂದಿನ ಕ್ಯಾಮೆರಾ ಇಡೀ ನೋಟವನ್ನು ಸೆಕೆಂಡಿಗೆ ಸುಮಾರು 29 ಬಾರಿ ಓದುತ್ತದೆ. ಅದರಲ್ಲಿರುವುದು 512 ಸಾಲು, 512 ಕಂಬ ಪಿಕ್ಸೆಲ್‌ಗಳು ಮಾತ್ರ. ಒಂದು ಪಿಕ್ಸೆಲ್ ಆಕಾಶದ ಮೂರು ಆರ್ಕ್‌ಸೆಕೆಂಡಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಆದರೂ ಯುವಿಐಟಿ ಒಂದೂವರೆ ಆರ್ಕ್‌ಸೆಕೆಂಡಿನಷ್ಟು ಸೂಕ್ಷ್ಮ ವಿವರ ಬಿಡಿಸಿ ತೋರಿಸುತ್ತದೆ. ಮಿಂಚು ಅಕ್ಕಪಕ್ಕದ ಹಲವು ಪಿಕ್ಸೆಲ್‌ಗಳಿಗೆ ಹರಡುವುದರಿಂದ, ಯಾವುದರಲ್ಲಿ ಎಷ್ಟು ಬೆಳಕು ಎಂದು ತೂಗಿ ನೋಡಿ ಅದರ ನಟ್ಟನಡುವನ್ನು ಲೆಕ್ಕಹಾಕಲು ಸಾಧ್ಯ. ನಡು ಸರಿಯಾಗಿ ಸಿಗಬೇಕಾದರೆ ಬಿಲ್ಲೆಯ ನಾಳಗಳು ತಮ್ಮ ಜಾಗದಲ್ಲಿ ಸರಿಯಾಗಿರಬೇಕು.

ಅಕ್ಟೋಬರ್ 2016ರಲ್ಲಿ ಈ ಉಪಕರಣ ಆಕಾಶದ ಒಂದೇ ಚೂರನ್ನು 28 ಗಂಟೆಗೂ ಹೆಚ್ಚು ಕಾಲ ನೋಡಿತು. ಪುಣೆಯ ಐಯುಕಾ ಸಂಶೋಧನಾ ಸಂಸ್ಥೆಯ ಕನಕ್ ಸಾಹಾ ನೇತೃತ್ವದ ತಂಡ ಆ ದತ್ತಾಂಶವನ್ನು ವರ್ಷಗಟ್ಟಲೆ ಪರಿಶೀಲಿಸಿ, 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರಿಂದ ಹೊರಟ ತೀವ್ರ ನೇರಳಾತೀತ ಕಿರಣಗಳು ಅದರಲ್ಲಿ ದಾಖಲಾಗಿವೆ ಎಂದು 2020ರಲ್ಲಿ ಪ್ರಕಟಿಸಿತು. ಪತ್ತೆಕದ ಹಿನ್ನೆಲೆ ಗದ್ದಲ ಬಹಳ ಕಡಿಮೆ ಇದ್ದದ್ದು ಆ ಶೋಧಕ್ಕೆ ನೆರವಾಯಿತು. ದೂರದರ್ಶಕದ ಕನ್ನಡಿಗಳ ವ್ಯಾಸ 40 ಸೆಂಟಿಮೀಟರನ್ನೂ ಮುಟ್ಟದು ಎಂಬುದನ್ನು ನೆನೆದರೆ ಈ ಸಾಧನೆಯ ತೂಕ ತಿಳಿಯುತ್ತದೆ.

ಹೊಸ ಪೀಳಿಗೆ

ಇದೇ ವಿದ್ಯೆ ಈಗ ಬೇರೆ ದಾರಿಗಳನ್ನೂ ಹಿಡಿದಿದೆ. ಅಮೆರಿಕದ ಇನ್ಕಾಮ್ ಕಂಪನಿ ಸೀಸವಿಲ್ಲದ ಬೋರೋಸಿಲಿಕೇಟ್ ಗಾಜಿನ ಟೊಳ್ಳು ಕೊಳವೆಗಳಿಂದಲೇ 20 ಸೆಂಟಿಮೀಟರ್ ಚೌಕದ ಫಲಕ ಮಾಡುತ್ತಿದೆ. ವಿದ್ಯುತ್ ಗುಣವನ್ನು ಗಾಜಿನಿಂದ ಪಡೆಯುವ ಬದಲು ಗೋಡೆಯ ಮೇಲೆ ಪರಮಾಣು ಪದರಗಳನ್ನು ಒಂದೊಂದಾಗಿ ಕೂರಿಸಿ ಕೊಡುತ್ತಾರೆ. ಇನ್ನೊಂದು ಬಗೆಯಲ್ಲಿ ದುಂಡು ರಂಧ್ರಗಳ ಬದಲು ಚೌಕ ರಂಧ್ರ ಮಾಡಿ, ಫಲಕವನ್ನು ಗೋಳದ ಆಕಾರಕ್ಕೆ ಬಾಗಿಸುತ್ತಾರೆ. ಆಗ ನಾಳದ ಗೋಡೆಗಳೇ ಪುಟ್ಟ ಕನ್ನಡಿಗಳಾಗಿ ಕ್ಷ-ಕಿರಣಗಳನ್ನು ಒಂದೆಡೆ ಸೇರಿಸುತ್ತವೆ. ಸಮುದ್ರದ ಲಾಬ್‌ಸ್ಟರ್‌ನ ಕಣ್ಣು ಕೆಲಸ ಮಾಡುವುದೂ ಇದೇ ಕ್ರಮದಲ್ಲಿ. ಇದನ್ನು ಕ್ಷ-ಕಿರಣ ದೂರದರ್ಶಕಕ್ಕೆ ಬಳಸಬಹುದೆಂದು ರೋಜರ್ ಏಂಜೆಲ್ 1979ರಲ್ಲಿ ಸೂಚಿಸಿದ್ದರು. 2024ರ ಜನವರಿಯಲ್ಲಿ ಚೀನಾ ಹಾರಿಸಿದ ಐನ್‌ಸ್ಟೈನ್ ಪ್ರೋಬ್ ಇಂಥ ಫಲಕಗಳಿಂದಲೇ ಆಕಾಶದ ಅಗಲ ಹರವನ್ನು ಒಮ್ಮೆಗೇ ಕಾಯುತ್ತಿದೆ.

ಖಗೋಳದ ಸುದ್ದಿ ಬಂದಾಗ ನಮ್ಮ ಗಮನ ಗೆಲಾಕ್ಸಿಯ ಕಡೆಗೆ, ರಾಕೆಟ್ಟಿನ ಕಡೆಗೆ ಹೋಗುವುದು ಸಹಜ. ನಡುವೆ ನಿಂತು ಒಂದೊಂದೇ ಫೋಟಾನನ್ನು ಹಿಡಿದುಕೊಟ್ಟ ಗಾಜಿನ ಕೆಲಸಕ್ಕೂ ಅದರಲ್ಲಿ ಪಾಲು ಇದೆ. ಆಸ್ಟ್ರೋಸ್ಯಾಟ್‌ನ ದತ್ತಾಂಶವನ್ನು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವ ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರ ಸಾರ್ವಜನಿಕರಿಗೆ ತೆರೆದಿಟ್ಟಿದೆ. ಭೌತವಿಜ್ಞಾನ ಓದುವ ಮಕ್ಕಳು, ಕಲಿಸುವ ಮೇಷ್ಟ್ರುಗಳು ಅದನ್ನು ಒಮ್ಮೆಯಾದರೂ ತೆರೆದು ನೋಡಲಿ. ಅದರಲ್ಲಿ ಯುವಿಐಟಿ ದಾಖಲಿಸಿದ ಪ್ರತಿಯೊಂದು ಫೋಟಾನಿನ ಸಂಕೇತವೂ ಇಂಥ ನಾಳಗಳನ್ನು ಹಾದೇ ಬಂದಿದೆ.